ಬೆಳ್ಳಿ ಬಟ್ಟಲಾ ಮತ್ತ ಸೊಸಿ ರೆಕಾರ್ಡು

ನಮ್ಮ ಸೊಸಿ ಏನ್ ಕೆಲಸಾ ಮಾಡ್ತಾಳ ಅಂತ ಓಣ್ಯಾಗ ಯಾರರೆ ಕೇಳಿದ್ರ ಮದ್ಲ ನಂಗ ಹೇಳ್ಲಿಕ್ಕೆ ಬರ್ತಿದ್ದಿಲ್ಲ. 'ಪೆನೆಟ್ರೇಶನ್ ಟೆಸ್ಟಿಂಗ್' ಅಂತಾಳ. ಅಂದ್ರ ಕಂಪನಿಯವರ ರೊಕ್ಕಾ ಕೊಟ್ಟು, "ನಮ್ಮ ಕಂಪ್ಯೂಟರಿನೊಳಗ ಕಳ್ಳರು ಹೊಕ್ಕಬಹುದೇನು, ನೀವ ಹೊಕ್ಕು ನೋಡ್ರಿ" ಅಂತ ಕರೀತಾರ. ಬಾಜೂಮನಿ ವೈನಿಗೆ ಹೇಳಿದ್ರ, "ಅಯ್ಯ, ಅದೂ ಕಳ್ಳರ ಕೆಲಸಾನ ಆತಲ್ರಿ!" ಅಂದ್ರು. ನಂಗೂ ಒಳಗ ಹಂಗ ಅನಿಸಿತ್ತು, ಸುಳ್ಳ ಯಾಕ ಹೇಳ್ಲಿ.

ಸೊಸಿನ್ನ ಕೇಳಿದೆ. "ಅತ್ಯಾ, ಬರದು ಕೊಟ್ಟ ಪರವಾನಗಿ ಇದ್ರ ಇದು ಕೆಲಸ. ಇಲ್ಲಂದ್ರ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆ ಪ್ರಕಾರ ಕೇಸ್ ಆಗ್ತದ. ಅದಕ್ಕ ನಾ ಮಾಡಿದ್ದಕ್ಕೆಲ್ಲಾ ಸಾಕ್ಷಿ ಇಟಗೋತೀನಿ" ಅಂದ್ಲು.

ಆ ಸಾಕ್ಷಿ ಹೆಸರು ಆಸ್ಕಿನೆಮಾ. ಕರೇ ಪರದೆ ಮ್ಯಾಲೆ 'ಆಸ್ಕಿನೆಮಾ ರೆಕ್' ಅಂತ ಟೈಪ್ ಮಾಡಿದ್ರ ರೆಕಾರ್ಡಿಂಗ್ ಶುರು, 'ಎಕ್ಸಿಟ್' ಅಂದ್ರ ಬಂದ್. ನಡುವ ಪರದೆ ಮ್ಯಾಲೆ ಏನೇನ್ ಮೂಡ್ತದ, ಎಷ್ಟನೇ ಸೆಕೆಂಡಿಗೆ ಮೂಡ್ತದ, ಎಲ್ಲಾ ಫೈಲಿನ್ಯಾಗ ಕೂಡ್ತದ. ವಿಡಿಯೋ ಅಲ್ಲ, ಬರೇ ಅಕ್ಷರ. ಹಿಂಗಾಗಿ ಫೈಲು ಸಣ್ಣದು. ಬೇಕಾದಾಗ ಸಿನೆಮಾದಂಗ ತಿರಗಿ ಓಡಸಬಹುದು.

ಕೆಲಸಾ ಮುಗದ ಮ್ಯಾಲೆ ತಮ್ಮ ಆಫೀಸಿನ ಸರ್ವರಿಗೆ ಅಪ್‌ಲೋಡ್ ಮಾಡ್ತಾಳ. ಅದಕ್ಕಿಂತ ಮದ್ಲ ಒಂದ್ಸಲ ಪೂರ್ತಿ ನೋಡೇ ನೋಡ್ತಾಳ. ಕಂಪ್ಯೂಟರ್ ಕೇಳಿದಾಗ ಹೊಡದ ಪಾಸ್‌ವರ್ಡು ಪರದೆ ಮ್ಯಾಲೆ ಕಾಣಂಗಿಲ್ಲ, ಹಿಂಗಾಗಿ ರೆಕಾರ್ಡಿನ್ಯಾಗೂ ಬರಂಗಿಲ್ಲ. ಆದ್ರ ಕಮಾಂಡಿನ ಜೋಡಿ ಬರದದ್ದಿದ್ರ ಬಂದಬಿಡ್ತದ. "ಮಂದಿ ಮನಿ ಕೀಲಿಕೈ ಅತ್ಯಾ, ಎಲ್ಲರೆ ಬಿಟ್ಟು ಬರ್ಲಿಕ್ಕೆ ಆಗ್ತದೇನು?" ಅಂತಾಳ.

ಹೋದ ಶ್ರಾವಣದಾಗ ಮಂಗಳಗೌರಿ ಪೂಜಾ ದಿನಾ ಮುಂಜಾನೆನ ಫೋನ್ ಬಂತು. "ರಾತ್ರಿ ನಿಮ್ಮ ಟೆಸ್ಟಿಂಗ್‌ದಿಂದ ನಮ್ಮ ಬಿಲ್ಲಿಂಗ್ ಬಂದ್ ಬಿತ್ತು" ಅಂತ. ಸೊಸಿ ಮಾರಿ ಸಣ್ಣದಾತು. ಆದ್ರ ಜಗಳಾ ಮಾಡ್ಲಿಲ್ಲ. ರೆಕಾರ್ಡು ಕಳಿಸಿದ್ಲು, ಅವರು ತಮ್ಮ ಸರ್ವರಿನ ಲಾಗ್ ಜೋಡಿ ತಾಳೆ ನೋಡಿದ್ರು. ಆಕಿ ಆ ಬಿಲ್ಲಿಂಗ್ ಮಷೀನ ಮುಟ್ಟೇ ಇದ್ದಿಲ್ಲ. ಸಂಜಿಗೆ "ಸಾರಿ ಮೇಡಂ" ಅಂತ ಅವರ ಫೋನ್ ಮಾಡಿದ್ರು.

ಆವತ್ತ ರಾತ್ರಿ ನಂಗ ನಿದ್ದಿ ಹತ್ತಲಿಲ್ಲ. ನಾ ಲಗ್ನಾಗಿ ಬಂದ ವರ್ಷ ಈ ಮನ್ಯಾಗ ದೇವರ ಬೆಳ್ಳಿ ಬಟ್ಟಲಾ ಕಳದಿತ್ತು. ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ ಖರೆ, ಆದ್ರ ದೇವರಮನಿ ಕೆಲಸಾ ನನ್ನ ಕೈಯಿಂದ ತಗೊಂಡ್ರು. ನಾ ತಗೊಂಡಿಲ್ಲ ಅಂತ ಯಾರಿಗೆ, ಹೆಂಗ ತೋರಸ್ಲಿ? ಆರು ತಿಂಗಳ ಮ್ಯಾಲೆ ದೀಪಾವಳಿಗೆ ಮನಿ ಝಾಡಸೋವಾಗ ಅಕ್ಕಿ ಡಬ್ಬಿ ಹಿಂದ ಸಿಕ್ತು. ನಮ್ಮ ಅತ್ತಿಯವರು ಅದನ್ನ ತೊಳದು ಸುಮ್ನ ದೇವರ ಮುಂದ ಇಟ್ರು. 'ಸಾರಿ' ಅನ್ನೋರು ಯಾರೂ ಇದ್ದಿಲ್ಲ.

ಮರುದಿನಾ ಇದನ್ನೆಲ್ಲಾ ಸೊಸಿಗೆ ಹೇಳಿದೆ. ಇಷ್ಟ ವರ್ಷದಾಗ ಯಾರಿಗೂ ಹೇಳಿದ್ದಿಲ್ಲ. ಆಕಿ ಸುಮ್ನ ಕೇಳಿ, ನನ್ನ ಕೈ ಹಿಡಕೊಂಡು ಕೂತ್ಲು.

ಈಗ ರಾತ್ರಿ ಆಕಿ ಖೋಲಿ ಬಾಗಲಾ ಮುಚ್ಚಿದ್ರ ನಾ ಒಳಗೊಳಗ ವಟಗುಡಂಗಿಲ್ಲ. ಥರ್ಮಾಸ್‌ನ್ಯಾಗ ಚಹಾ ಹಾಕಿ ಹೊರಗ ಇಟ್ಟು ಬರ್ತೀನಿ. ವೈನಿ ಮತ್ತ ಕೇಳಿದ್ರ ಹೇಳ್ತೀನಿ, ಕಳ್ಳರು ಹಿಂಗ ಲೆಕ್ಕಾ ಇಡಂಗಿಲ್ರಿ ಅಂತ.