ಎಣಿಸಿದ ಚಿಲ್ಲರೆ

ಉಪಾಧ್ಯಾಯ ವೃತ್ತಿಯಿಂದ ವಿಶ್ರಾಂತನಾದ ಮೇಲೆ, ಊರ ಹೊರಗಿನ ಬಾಲಕರ ವಸತಿಗೃಹವೊಂದರಲ್ಲಿ ಭಾನುವಾರಗಳಂದು ಲೆಕ್ಕವನ್ನು ಹೇಳಿಕೊಡಲು ಒಪ್ಪಿಕೊಂಡೆನು. ಮನೆ ಬಿಟ್ಟವರು, ಶಾಲೆ ಬಿಟ್ಟವರು, ಒಂದೆರಡು ಬಾರಿ ಪೋಲೀಸರ ಕೈಗೆ ಸಿಕ್ಕಿದವರು, ಹೀಗೆ 13ರಿಂದ 17 ವರ್ಷದವರೆಗಿನ ಹುಡುಗರು ಅಲ್ಲಿದ್ದರು. ಪರೋಪಕಾರ ಮಾಡುತ್ತಿದ್ದೇನೆಂಬ ಸಣ್ಣದೊಂದು ಹೆಮ್ಮೆಯೂ ನನಗೆ ಇಲ್ಲದಿರಲಿಲ್ಲ.

ಅವರಲ್ಲಿ ಒಬ್ಬನು ಬಹು ಚುರುಕು. ಅವನು ಹಿಂದೆ ಜೇಬುಗಳ್ಳನಾಗಿದ್ದನೆಂಬ ಮಾತನ್ನು ಯಾರೋ ನನ್ನ ಕಿವಿಯಲ್ಲಿ ಹಾಕಿದ್ದರು. ಒಂದು ದಿನ ಮೇಲ್ವಿಚಾರಕರ ಅನುಮತಿ ಪಡೆದು, ಅವನ ಕೈಗೆ 500 ರೂಪಾಯಿ ನೋಟನ್ನು ಕೊಟ್ಟು, ಬರೆಯುವ ಪುಸ್ತಕಗಳನ್ನು ತರಲು ಕಳುಹಿಸಿದೆನು. ಅರ್ಧ ಗಂಟೆಯಲ್ಲಿ ಬರಬೇಕಾದವನು ಒಂದು ಗಂಟೆಯಾದರೂ ಬರಲಿಲ್ಲ. ನನ್ನ ಕಣ್ಣು ಕರಿಹಲಗೆಯ ಮೇಲೆ, ಮನಸ್ಸು ಬಾಗಿಲ ಮೇಲೆ. ಕೊನೆಗೆ ಬೆವರುತ್ತ ಬಂದನು. ಹತ್ತಿರದ ಅಂಗಡಿ ಮುಚ್ಚಿದ್ದುದರಿಂದ ಪೇಟೆಯವರೆಗೂ ನಡೆದು ಹೋಗಿದ್ದನಂತೆ. ಪುಸ್ತಕಗಳನ್ನೂ ಚೀಟಿಯನ್ನೂ ಉಳಿದ ಹಣವನ್ನೂ ಮೇಜಿನ ಮೇಲಿಟ್ಟನು. ನಾನು ಚಿಲ್ಲರೆಯನ್ನು ಎರಡು ಬಾರಿ ಎಣಿಸಿದೆನು.

"ಸರಿಯಾಗಿದೆಯೇ, ಮೇಷ್ಟ್ರೇ?" ಎಂದನು. ಸರಿಯಾಗಿತ್ತು. ಅವನ ಮುಖ ಮಾತ್ರ ಮೊದಲಿನಂತಿರಲಿಲ್ಲ.

ಆ ರಾತ್ರಿ ನನಗೆ ಮಕರೆಂಕೋ ನೆನಪಾದನು. 1920ರಲ್ಲಿ ಉಕ್ರೇನಿನ ಪೊಲ್ತಾವಾ ಪಟ್ಟಣದ ಬಳಿ, ಅಪರಾಧಕ್ಕೆ ಬಿದ್ದ ಹುಡುಗರಿಗಾಗಿ ವಸತಿಶಾಲೆಯೊಂದನ್ನು ನಡೆಸಲು ತೊಡಗಿದ ಉಪಾಧ್ಯಾಯನವನು. ಅವನೇನೂ ದೇವಮಾನವನಲ್ಲ, ಮೊದಲ ಚಳಿಗಾಲದಲ್ಲಿ ತಾಳ್ಮೆಗೆಟ್ಟು ಹುಡುಗನೊಬ್ಬನನ್ನು ಹೊಡೆದುದನ್ನು ತಾನೇ ಬರೆದು ಒಪ್ಪಿಕೊಂಡಿದ್ದಾನೆ. ಆದರೆ ಬಂದವರ ಹಿಂದಿನ ಅಪರಾಧಗಳ ಕಡತವನ್ನು ನೋಡುವುದನ್ನೇ ಅವನು ಬಿಟ್ಟನು. ಬೇಸಾಯ, ಕಮ್ಮಾರಿಕೆ, ಪಾಠ, ನಾಟಕ, ಇವೇ ಅಲ್ಲಿಯ ಔಷಧಗಳು. ಕಳ್ಳತನದಲ್ಲಿ ಪಳಗಿದ್ದ ಕರಬಾನೋವ್ ಎಂಬ ತರುಣನನ್ನು 500 ರೂಬಲ್ ತರಲು ಒಂಟಿಯಾಗಿ ಕಳುಹಿಸಿ, ತಂದಾಗ ಎಣಿಸದೆಯೇ ತೆಗೆದಿಟ್ಟನು. ಎಣಿಸಿರೆಂದು ತರುಣನೇ ಹಟ ಹಿಡಿದರೂ ಎಣಿಸಲಿಲ್ಲ. ಮುಂದೆ 2000 ರೂಬಲ್ ತರಲೂ ಅವನನ್ನೇ ಕಳುಹಿಸಿದನು. ಗ್ರಂಥದ ಆ ಪಾತ್ರಕ್ಕೆ ಮಾದರಿಯಾದ ಸೆಮ್ಯೋನ್ ಕಲಾಬಾಲಿನ್ ತಾನೇ ಶಿಕ್ಷಕನಾಗಿ ಅನಾಥ ಮಕ್ಕಳ ಗೃಹಗಳನ್ನು ನಡೆಸಿದನು.

ನಮ್ಮ ದೇಶದ ಶಾಸನವೂ ದೂರ ನಡೆದು ಬಂದಿದೆ. 1897ರ ಕಾಯಿದೆಯು 15 ತುಂಬದ ಅಪರಾಧಿ ಬಾಲಕರನ್ನು ಸೆರೆಮನೆಯ ಬದಲು ಸುಧಾರಣಾ ಶಾಲೆಯಲ್ಲಿ 3ರಿಂದ 7 ವರ್ಷ ಇಡಲು ಅವಕಾಶವಿತ್ತಿತು. 2015ರ ಬಾಲನ್ಯಾಯ ಕಾಯಿದೆಯಾದರೋ, ಘೋರಾಪರಾಧದ ಕೆಲವು ಪ್ರಸಂಗಗಳನ್ನುಳಿದು, ಬಾಲಕನ ತಪ್ಪು ಅವನ ಮುಂದಿನ ಬಾಳಿಗೆ ಅಡ್ಡಿಯಾಗಕೂಡದು, ಅದರ ದಾಖಲೆಯೂ ಕಾಲಾನಂತರ ನಾಶವಾಗಬೇಕು ಎನ್ನುತ್ತದೆ. ಸರಕಾರವು ಕಾಗದವನ್ನು ನಾಶಮಾಡಬಲ್ಲದು; ನನ್ನ ಕಿವಿಯಲ್ಲಿ ಬಿದ್ದ ಮಾತನ್ನು ನಾನೇ ಅಳಿಸಬೇಕಾಗಿತ್ತು.

ಮುಂದಿನ ಭಾನುವಾರ ಅವನನ್ನು ಕರೆದು, "ನಾನು ಎಣಿಸಿದ್ದು ತಪ್ಪಾಯಿತಪ್ಪ" ಎಂದೆನು. "ಇರಲಿ ಬಿಡಿ, ಮೇಷ್ಟ್ರೇ" ಎಂದನು. ಮತ್ತೆ ಹಣ ಕೊಡಹೋದಾಗ, "ಬೇರೆಯವರನ್ನು ಕಳುಹಿಸಿ" ಎಂದು ವಿನಯದಿಂದಲೇ ಹೇಳಿದನು.

ಈಗಲೂ ಹೋಗುತ್ತಿದ್ದೇನೆ. ಅವನು ಲೆಕ್ಕವನ್ನು ಎಂದಿನಂತೆ ಚೆನ್ನಾಗಿ ಮಾಡುತ್ತಾನೆ. ಅಂಗಡಿಗೆ ಹೋಗಲು ಮಾತ್ರ ಇನ್ನೂ ಒಪ್ಪಿಲ್ಲ.