ಸ್ಥಾನವೂ ಸ್ವಾಮ್ಯವೂ

ಊರಿನ ಭೂಮಿಗೆಲ್ಲ ಲೆಕ್ಕವಿಡುತ್ತಿದ್ದ ಶಾನುಭೋಗರ ಕಡತವನ್ನು ಕಣ್ಣಾರೆ ಕಂಡವರು ಇಂದು ವಿರಳ. ಯಾವ ಹೊಲ ಯಾರದು, ಅದರ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ, ಕ್ರಯವಾದಮೇಲೆ ಹಳೆಯ ಹೆಸರನ್ನು ಹೊಡೆದು ಹೊಸ ಹೆಸರನ್ನು ಬರೆದಿದೆಯೆ ಇಲ್ಲವೆ ಎಂಬಿಷ್ಟನ್ನು ತಿಳಿಸುವುದೇ ಆ ಕಡತದ ಪ್ರಯೋಜನ. ಗಣಕಯಂತ್ರದೊಳಗೂ ಇಂತಹುದೇ ಒಂದು ಕಡತವುಂಟೆಂಬುದು, ಆ ಯಂತ್ರವು ಮನೆಮನೆಗೂ ಬಂದು ನೆಲಸಿರುವ ಈ ಕಾಲದಲ್ಲಿಯೂ ಹಲವರಿಗೆ ತಿಳಿಯದು. ಅದನ್ನು ಬರೆದಿಡುವುದು ಆಪರೇಟಿಂಗ್ ಸಿಸ್ಟಮಿನ ಒಳತಿರುಳಾದ ಕರ್ನೆಲ್.

ಪ್ರೊಸೆಸರಿಗೆ ಕೈಕಾಲುಗಳಿಲ್ಲ. ತನ್ನಿಂದ ಹೊರಗಿರುವ ವಸ್ತುಗಳೊಡನೆ ಅದು ನಡೆಸುವ ವ್ಯವಹಾರವೆಲ್ಲ ಬಹುಮಟ್ಟಿಗೆ ಒಂದು ವಿಳಾಸದಿಂದ ಓದುವುದು, ಇಲ್ಲವೆ ಒಂದು ವಿಳಾಸಕ್ಕೆ ಬರೆಯುವುದು, ಇಷ್ಟೇ. ಆದುದರಿಂದ ಚಿತ್ರವನ್ನು ತೋರಿಸುವ ಕಾರ್ಡಿಗೂ, ನೆಟ್‌ವರ್ಕ್ ಕಾರ್ಡಿಗೂ, ಇತರ ಉಪಕರಣಗಳಿಗೂ ಮೆಮೊರಿಗೆ ಇರುವಂತೆಯೇ ವಿಳಾಸಗಳನ್ನು ಕೊಟ್ಟಿದೆ. ಇವೆಲ್ಲಕ್ಕೂ ನೆಲ ಒಂದೇ. ೩೨ ಬಿಟ್ಟಿನ ವಿಳಾಸವಾದರೆ ಆ ನೆಲದ ವಿಸ್ತಾರವು ೪,೨೯,೪೯,೬೭,೨೯೬ ಬೈಟುಗಳು, ಎಂದರೆ ನಾಲ್ಕು ಗಿಗಾಬೈಟು. ಹಿಂದೆ ಅಂತಹ ಯಂತ್ರಕ್ಕೆ ನಾಲ್ಕು ಗಿಗಾಬೈಟು ಮೆಮೊರಿಯನ್ನು ಕೊಂಡು ಹಾಕಿಸಿದವರು, ಪರದೆಯ ಮೇಲೆ ಮೂರು ಚಿಲ್ಲರೆ ಮಾತ್ರ ಕಾಣುವುದನ್ನು ನೋಡಿ ಅಂಗಡಿಯವನನ್ನು ಶಂಕಿಸಿದ್ದುಂಟು. ಅಂಗಡಿಯವನು ನಿರ್ದೋಷಿ, ಉಳಿದ ನೆಲವನ್ನು ಉಪಕರಣಗಳು ಆಕ್ರಮಿಸಿದ್ದುವು.

ಯಾವ ಉಪಕರಣಕ್ಕೆ ಎಷ್ಟು ನೆಲ ಬೇಕೆಂಬುದನ್ನು ತಿಳಿಯುವ ಕ್ರಮವು ಸ್ವಾರಸ್ಯವಾಗಿದೆ. ಪಿಸಿಐ ಎಂಬ ಪದ್ಧತಿಯ ಕಾರ್ಡಿನಲ್ಲಿ ವಿಳಾಸವನ್ನು ಬರೆದಿಡುವುದಕ್ಕಾಗಿಯೇ ಕೆಲವು ಮನೆಗಳಿರುತ್ತವೆ. ಅಂತಹ ಮನೆಯೊಂದರಲ್ಲಿ ಎಲ್ಲ ಬಿಟ್ಟುಗಳನ್ನೂ ಒಂದೆಂದು ಬರೆದು ಮರಳಿ ಓದಿದರೆ, ಕಾರ್ಡು ಕೆಳಗಣ ಕೆಲವು ಬಿಟ್ಟುಗಳನ್ನು ಒಪ್ಪದೆ ಸೊನ್ನೆಯಾಗಿಯೇ ಉಳಿಸುತ್ತದೆ. ಆ ಸೊನ್ನೆಗಳಿಂದಲೇ ಅದಕ್ಕೆ ಬೇಕಾದ ನೆಲದ ಅಳತೆ ತಿಳಿಯುತ್ತದೆ. ಯಂತ್ರವು ಎಚ್ಚರುವಾಗ ಫರ್ಮ್‌ವೇರ್ ಸಾಮಾನ್ಯವಾಗಿ ಒಂದು ಹಂಚಿಕೆಯನ್ನು ಮಾಡಿರುವುದು; ಕರ್ನೆಲ್ ಅದನ್ನು ಪರೀಕ್ಷಿಸಿ, ಎಲ್ಲೆಗಳು ಒಂದರಮೇಲೊಂದು ಬಿದ್ದಿದ್ದರೆ ತಿದ್ದುವುದು.

೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲಿನಲ್ಲಿ ಈ ಕಡತವು ವಂಶವೃಕ್ಷದ ರೂಪದಲ್ಲಿದೆ. ದೊಡ್ಡ ಪ್ರದೇಶದೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು. ಉಪಕರಣವನ್ನು ನಡೆಸುವ ಡ್ರೈವರ್ ಮೊದಲು ತನ್ನ ಪ್ರದೇಶವನ್ನು ಕೇಳಿ ಕಡತದಲ್ಲಿ ಹೆಸರನ್ನು ಬರೆಯಿಸಬೇಕು. ಆ ಪ್ರದೇಶ ಬೇರೊಬ್ಬರ ವಶದಲ್ಲಿದ್ದರೆ ಕೋರಿಕೆ ತಿರಸ್ಕೃತವಾಗುವುದು. ಹೆಸರು ದಾಖಲಾದಮೇಲೆ ಕರ್ನೆಲ್ ತನ್ನೊಳಗಣ ವ್ಯವಹಾರಕ್ಕಾಗಿ ಅದಕ್ಕೆ ಎರಡನೆಯದೊಂದು ವಿಳಾಸವನ್ನು ಕೊಡುತ್ತದೆ. ಮೊದಲನೆಯದು ಭೂಮಿಯ ಸರ್ವೆ ನಂಬರಿನಂತೆ. ಎರಡನೆಯದು ಬಾಡಿಗೆಯ ಮನೆಯ ಬಾಗಿಲ ಸಂಖ್ಯೆಯಂತೆ. ಒಬ್ಬರು ಬಿಟ್ಟರೆ ಮತ್ತೊಬ್ಬರು ಬಂದು ಸೇರಬಹುದು.

ಇಲ್ಲಿ ಒಂದು ಭೇದವನ್ನು ವಾಚಕರು ಗಮನಿಸಬೇಕು. ಮೆಮೊರಿಗೆ ಬರೆಯುವುದೆಂದರೆ ಹಲಗೆಯ ಮೇಲೆ ಬರೆದಂತೆ. ಇದ್ದುದನ್ನೇ ಮತ್ತೊಮ್ಮೆ ಬರೆದರೆ ನಷ್ಟವೇನೂ ಇಲ್ಲ. ಉಪಕರಣಕ್ಕೆ ಬರೆಯುವುದಾದರೋ ಆಜ್ಞೆಯನ್ನು ಕೊಟ್ಟಂತೆ. ಅಲ್ಲಿ ಬರೆದ ಅಕ್ಷರವು ಕಾರ್ಯವಾಗಿ ಪರಿಣಮಿಸುತ್ತದೆ.

ಈ ಭೇದದ ಬೆಲೆಯೆಷ್ಟೆಂಬುದು ೨೦೦೮ರಲ್ಲಿ ತಿಳಿದುಬಂದಿತು. ಲಿನಕ್ಸಿನ ೨.೬.೨೭ನೆಯ ಆವೃತ್ತಿಯನ್ನು ಹೊರತರುವುದಕ್ಕೆ ಮುನ್ನ ಅದನ್ನು ತಮ್ಮ ಯಂತ್ರಗಳಲ್ಲಿ ಪರೀಕ್ಷಿಸಿನೋಡುತ್ತಿದ್ದ ಕೆಲವರಿಗೆ, ಇಂಟೆಲ್ ಸಂಸ್ಥೆಯ ಒಂದು ಬಗೆಯ ನೆಟ್‌ವರ್ಕ್ ಕಾರ್ಡು ಇದ್ದಕ್ಕಿದ್ದಂತೆ ಕೆಲಸಮಾಡದೆ ನಿಂತಿತು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೂ ಸರಿಹೋಗಲಿಲ್ಲ. ಕಾರ್ಡಿನ ಶಾಶ್ವತ ಸ್ಮೃತಿಯೇ ಕೆಟ್ಟಿದ್ದಿತು. ಶಂಕೆಯು ಮೊದಲು ಆ ಕಾರ್ಡಿನ ಡ್ರೈವರಿನ ಮೇಲೆ ಹೋಯಿತು. ಅಲ್ಲಿ ಹುಡುಕಿದವರಿಗೆ ಕಾರಣ ಸಿಕ್ಕಲಿಲ್ಲ. ಸ್ಮೃತಿಗೆ ಬರಹದಿಂದ ರಕ್ಷಣೆಯನ್ನು ಏರ್ಪಡಿಸಿ, ಅಕ್ಟೋಬರ್ ೯ರಂದು ಆವೃತ್ತಿಯನ್ನು ಹೊರಡಿಸಿದರು.

ಅಪರಾಧಿಯು ನೆಟ್‌ವರ್ಕಿಗೆ ಯಾವ ಸಂಬಂಧವೂ ಇಲ್ಲದ ಎಫ್‌ಟ್ರೇಸ್ ಎಂಬ ಸಾಧನ. ಕರ್ನೆಲಿನ ಯಾವ ಭಾಗ ಯಾವಾಗ ನಡೆಯುತ್ತದೆಂಬುದನ್ನು ನೋಡಿಕೊಳ್ಳುವುದು ಅದರ ಕೆಲಸ. ಅದಕ್ಕಾಗಿ ಪ್ರತಿಯೊಂದು ಭಾಗದ ಆರಂಭದಲ್ಲಿಯೂ ಒಂದು ಚಿಕ್ಕ ಕರೆಯಿರುತ್ತಿತ್ತು. ಎಫ್‌ಟ್ರೇಸ್ ಆ ಕರೆಯ ವಿಳಾಸವನ್ನು ಗುರುತುಹಾಕಿಕೊಂಡು, ಆಮೇಲೊಮ್ಮೆ ಅಲ್ಲಿಗೆ ಹೋಗಿ ಕರೆಯನ್ನು ತೆಗೆದು ಏನನ್ನೂ ಮಾಡದ ಆಜ್ಞೆಯನ್ನು ಇಡುತ್ತಿತ್ತು. ಯಂತ್ರದ ವೇಗ ಕುಂದಬಾರದೆಂಬುದೇ ಇದರ ಉದ್ದೇಶ. ಆದರೆ ಕೆಲವು ಭಾಗಗಳು ಡ್ರೈವರ್ ಏಳುವಾಗ ಒಮ್ಮೆ ಮಾತ್ರ ನಡೆದು, ಅನಂತರ ತಮ್ಮ ಸ್ಥಳವನ್ನು ಬಿಟ್ಟುಕೊಡುವಂತಹವು. ಹಾಗೆ ಬಿಟ್ಟ ಬಾಗಿಲ ಸಂಖ್ಯೆಯನ್ನು ಕರ್ನೆಲ್ ಆ ಕಾರ್ಡಿನ ಸ್ಮೃತಿಗೆ ಕೊಟ್ಟಿತ್ತು. ಎಫ್‌ಟ್ರೇಸಿನ ಕೈಯಲ್ಲಿ ಹಳೆಯ ವಿಳಾಸವೇ ಉಳಿದಿತ್ತು.

ಹಾಗೆಂದು ಅದು ಕಣ್ಣುಮುಚ್ಚಿ ಬರೆಯಲಿಲ್ಲ. ಹಳೆಯ ಆಜ್ಞೆ ಅಲ್ಲಿಯೇ ಇದ್ದರೆ ಮಾತ್ರ ಬದಲಾಯಿಸುವಂತೆ, ಹೋಲಿಸಿನೋಡುವ ಸೂಚನೆಯನ್ನೇ ಪ್ರೊಸೆಸರಿಗೆ ಕೊಡುತ್ತಿತ್ತು. ಆದರೆ ಆ ಸೂಚನೆಯ ಸ್ವಭಾವವೇನೆಂದರೆ, ಹೋಲಿಕೆ ತಪ್ಪಿದಾಗ ಓದಿದುದನ್ನೇ ತಿರುಗಿ ಅಲ್ಲಿ ಬರೆಯುವುದು. ಮೆಮೊರಿಯಾಗಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಅಲ್ಲಿದ್ದುದು ಉಪಕರಣ, ಆ ನಿರಪಾಯವಾದ ಬರಹವೇ ಅದಕ್ಕೆ ಮೃತ್ಯುವಾಯಿತು. ಅಕ್ಟೋಬರ್ ೧೫ರಂದು ಹೊರಟ ೨.೬.೨೭.೧ರಲ್ಲಿ ಎಫ್‌ಟ್ರೇಸಿನ ಈ ಭಾಗವನ್ನು ನಿಲ್ಲಿಸಲಾಯಿತು. ಅದರ ಕರ್ತೃವಾದ ಸ್ಟೀವನ್ ರೋಸ್ಟೆಡ್ ಮೊದಲಾದವರು ಮುಂದಿನ ಆವೃತ್ತಿಯಲ್ಲಿ ವಿಳಾಸಗಳನ್ನು ಗುರುತಿಸುವ ಕ್ರಮವನ್ನೇ ಬದಲಾಯಿಸಿದರು.

ವ್ಯಾಕರಣಶಾಸ್ತ್ರದಲ್ಲಿ, ಮೊದಲಿದ್ದುದಕ್ಕೆ ಸ್ಥಾನಿಯೆಂದೂ ಅದರ ಸ್ಥಾನದಲ್ಲಿ ಬಂದುದಕ್ಕೆ ಆದೇಶವೆಂದೂ ಹೆಸರು. ಆದೇಶವು ಬಹುಮಟ್ಟಿಗೆ ಸ್ಥಾನಿಯ ಧರ್ಮವನ್ನೇ ಪಡೆಯುವುದೆಂದು ಅಲ್ಲಿ ನಿಯಮ. ಪಾಠಶಾಲೆಯಲ್ಲಿ ಓದಿದವರಿಗೆ ಈ ನಿಯಮವನ್ನು ಕಂಡಕಂಡಲ್ಲಿ ಹಚ್ಚಿನೋಡುವ ಚಾಪಲ್ಯವುಂಟು. ಗಣಕದ ವಿಳಾಸದಲ್ಲಿ ಅದು ಸಲ್ಲದು. ಸ್ಥಾನವು ಒಂದೇ ಆದರೂ ಹೊಸದಾಗಿ ಬಂದುದು ಹಳೆಯದರ ಯಾವ ಧರ್ಮವನ್ನೂ ಹೊರಬೇಕಾದುದಿಲ್ಲ.

ಕಡತದಲ್ಲಿ ಹೆಸರು ಬರೆಯಿಸುವುದಕ್ಕೆ ಎಲ್ಲರಿಗೂ ಆತುರ. ಬಿಟ್ಟುಹೋಗುವಾಗ ಹೆಸರನ್ನು ಹೊಡೆಯಿಸುವುದು ಯಾರಿಗೂ ನೆನಪಾಗದು. ಮೇಲಣ ಪ್ರಸಂಗದಲ್ಲಿ ಯಾರಲ್ಲಿಯೂ ದುರುದ್ದೇಶವಿರಲಿಲ್ಲ. ಕರ್ನೆಲಿನ ಕಡತವೂ ಸರಿಯಾಗಿಯೇ ಇದ್ದಿತು. ಆ ಕಡತದಿಂದ ಒಂದು ಸಾಲನ್ನು ಹಿಂದೊಮ್ಮೆ ಬರೆದುಕೊಂಡವನಿಗೆ, ಮನೆ ಖಾಲಿಯಾದುದನ್ನು ತಿಳಿಸುವವರಿರಲಿಲ್ಲ. ದಂಡವನ್ನು ತೆತ್ತವರು ಮಾತ್ರ, ಇತರರ ಉಪಕಾರಕ್ಕಾಗಿ ತಮ್ಮ ಯಂತ್ರವನ್ನು ಪರೀಕ್ಷೆಗೆ ಒಡ್ಡಿದವರು.