ಲಂಟಾನದ ಕಾಡಲ್ಲಿ ಒಂದು ನಡಿಗೆ

ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ಸಾಮಾನ್ಯವಾಗಿ ದೇವಸ್ಥಾನ ನೋಡಿ, ಆನೆ ಸಿಗಲಿಲ್ಲವಲ್ಲ ಅಂತ ಗೊಣಗುತ್ತಾ ಇಳಿದು ಬರ್ತಾರೆ. ನನಗಂತೂ ಕಣ್ಣಿಗೆ ರಾಚಿದ್ದು ಲಂಟಾನ. ದಾರಿಯುದ್ದಕ್ಕೂ ಆಳೆತ್ತರದ ಪೊದೆ, ಅದರಡಿ ಹುಲ್ಲೇ ಇಲ್ಲ. ಜಿಂಕೆ, ಕಾಟಿಗಳು ಏನು ತಿನ್ನಬೇಕು?

ಜೊತೆಗೆ ಬಂದಿದ್ದ ಸೋಲಿಗರ ಅಜ್ಜ ಹೇಳಿದ್ದು ಇಷ್ಟೇ: "ಮದ್ಲು ಬೇಸ್ಗೆ ಸುರುನಲ್ಲೇ ತರಗಿಗೆ ಸಣ್ಣ ಬೆಂಕಿ ಕೊಡ್ತಿದ್ದೊ ಸ್ವಾಮಿ. ಈ ಗಿಡ ಏಳ್ತಾನೇ ಇರ್ನಿಲ್ಲ."

1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು. ಲಂಟಾನ ಹಬ್ಬಿದ್ದಕ್ಕೆ ಅದೊಂದೇ ಕಾರಣ ಅಂತ ನಾನು ಹೇಳಲ್ಲ. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಪೋಡುಗಳಿಗೆ ಅರಣ್ಯ ಹಕ್ಕೂ ಸಿಕ್ಕಿತು. ದೊಡ್ಡ ಸಂಪಿಗೆ ಮರವನ್ನೇ ದೇವರೆಂದು ಪೂಜಿಸೋ ಜನ ಕಾಡಿಗೆ ಕೇಡು ಬಯಸ್ತಾರಾ? ಬೆಂಕಿ ಯಾವಾಗ, ಎಷ್ಟು ಅಂತ ಅವರನ್ನೂ ಒಂದು ಮಾತು ಕೇಳಬೇಕಲ್ವಾ... ನೀವೇನಂತೀರಿ?